ಸಂತ ಜೋಸೆಫ್ ವಾಜ್: ಅಪ್ಪಣೆಗೆ ತಲೆಬಾಗಿದ ಗುರು

ನಮ್ಮ ಜಿಲ್ಲೆಯ ಮುಖ್ಯ ಪಟ್ಟಣವಾದ ವಿಜಯಪುರದ ಹೆಸರು ಹದಿನೇಳನೆಯ ಶತಮಾನದಲ್ಲಿ ರೋಮಾಪುರಿಯವರೆಗೂ ಪರಿಚಿತವಾಗಿದ್ದಿತೆಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿಯದು. ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಈ ಸೀಮೆಯೆಲ್ಲವೂ ಆಗ ಬಿಜಾಪುರದ ಆದಿಲಶಾಹಿ ಅರಸರ ಆಳ್ವಿಕೆಗೆ ಒಳಪಟ್ಟಿತ್ತು. ಕೃಷ್ಣಾನದಿಯ ಆಚೆಗಿರುವ ಮುದಗಲ್ಲಿನಲ್ಲಿ ಆ ಅರಸರ ಕಾಲದಿಂದಲೇ ಕಥೋಲಿಕ ಕುಟುಂಬಗಳು ನೆಲೆಸಿದ್ದವು. ಗೋಲಗುಮ್ಮಟವನ್ನು ಕಟ್ಟಿಸಿದ ಮಹಮ್ಮದ ಆದಿಲಶಹನು ಆಳುತ್ತಿದ್ದಾಗ, 1637ರಲ್ಲಿ, ಜಗದ್ಗುರು ಎಂಟನೆಯ ಅರ್ಬನ್ನರು ಈ ರಾಜ್ಯಕ್ಕೆಂದೇ ಒಬ್ಬ ಬಿಷಪರನ್ನು ನೇಮಿಸಿದರು. ಅವರು ಗೋವೆಯ ದಿವಾಡಿ ದ್ವೀಪದಲ್ಲಿ ಹುಟ್ಟಿದ ಮತೇವುಸ್ ದೆ ಕಾಸ್ತ್ರೊ. ನಮ್ಮ ದೇಶದವರೇ ಆದ ಒಬ್ಬ ಗುರುವಿಗೆ ರೋಮಿನಲ್ಲಿ ಬಿಷಪ್ ಪಟ್ಟ ದೊರೆತದ್ದು ಆ ದಿನಗಳಲ್ಲಿ ಅಸಾಮಾನ್ಯವಾದ ಸಂಗತಿಯಾಗಿತ್ತು.

ಆದರೆ ಆ ಪಟ್ಟದೊಡನೆ ಒಂದು ಕಲಹವೂ ಹುಟ್ಟಿತು. ಪೌರ್ವಾತ್ಯ ದೇಶಗಳಲ್ಲಿ ಬಿಷಪರನ್ನು ಸೂಚಿಸುವ, ದೇವಾಲಯಗಳನ್ನು ಕಟ್ಟಿಸಿ ಪೋಷಿಸುವ ಹಕ್ಕನ್ನು ಹಿಂದಿನ ಪೋಪರು ಪೋರ್ಚುಗಲ್ಲಿನ ರಾಜರಿಗೆ ಕೊಟ್ಟಿದ್ದರು. ಇದಕ್ಕೆ ಪದ್ರುವಾದೊ ಎಂದು ಹೆಸರು. ಕಾಲಕ್ರಮದಲ್ಲಿ ಪೋರ್ಚುಗೀಸರ ಬಲ ಕುಗ್ಗಿತು. ಅವರ ರಾಜ್ಯದ ಹೊರಗಿನ ಕ್ರೈಸ್ತರನ್ನು ನೋಡಿಕೊಳ್ಳಲು ಅವರಿಂದ ಸಾಧ್ಯವಾಗಲಿಲ್ಲ. ಆದುದರಿಂದ 1622ರಲ್ಲಿ ರೋಮಿನಲ್ಲಿ ಪ್ರೊಪಗಾಂದ ಎಂಬ ಸಭೆಯು ಸ್ಥಾಪಿತವಾಗಿ, ಅಂತಹ ಪ್ರದೇಶಗಳಿಗೆ ಪೋಪರ ನೇರ ಪ್ರತಿನಿಧಿಗಳಾದ ವಿಕಾರ್ ಅಪೋಸ್ತೋಲಿಕರನ್ನು ಕಳುಹಿಸತೊಡಗಿತು. ಗೋವೆಯವರು ಇದನ್ನು ತಮ್ಮ ಹಕ್ಕಿನ ಮೇಲಿನ ಅತಿಕ್ರಮಣವೆಂದೇ ತಿಳಿದರು. ಬಿಷಪ್ ಮತೇವುಸರನ್ನು ಅವರು ಒಪ್ಪಲಿಲ್ಲ. ಹಿಂದೆ ಗೋವೆಯಲ್ಲಿ ಗುರುಪಟ್ಟವನ್ನೇ ನಿರಾಕರಿಸಿ ಅವರನ್ನು ರೋಮಿಗೆ ಅಲೆಯುವಂತೆ ಮಾಡಿದ್ದವರು ಈಗ ಬಿಷಪ್ ಪಟ್ಟವನ್ನು ಒಪ್ಪುವರೇ? ಬಿಷಪರು ಆದಿಲಶಹನ ರಾಜ್ಯಕ್ಕೆ ಸೇರಿದ್ದ ಡಿಚೋಲಿಯಲ್ಲಿ ನೆಲೆಸಿದರು. ಬಿಜಾಪುರದ ಸುಲ್ತಾನನನ್ನು ಗೋವೆಯ ಮೇಲೆ ಎತ್ತಿಕಟ್ಟುತ್ತಿರುವರೆಂದು ಪೋರ್ಚುಗೀಸರು ಅವರ ಮೇಲೆ ದೂರು ಹೊರಿಸಿದರು. ಆ ಧೀರರಿಗೆ ಆದ ಅನ್ಯಾಯ ಸಣ್ಣದಲ್ಲ; ಮೈಬಣ್ಣವನ್ನೂ ಹುಟ್ಟನ್ನೂ ನೋಡಿ ಗುರುಗಳನ್ನು ಅಳೆಯುತ್ತಿದ್ದ ಕಾಲವದು. ಆದರೂ ಅವರ ಬಾಳೆಲ್ಲವೂ ಹೋರಾಟದಲ್ಲಿಯೇ ಸವೆದು, ಕೊನೆಗೆ ರೋಮಿನಲ್ಲಿಯೇ ಅವರು ತೀರಿಕೊಂಡರು.

ಇಷ್ಟನ್ನು ಮೊದಲು ಹೇಳಲು ಕಾರಣವುಂಟು. ಬಿಜಾಪುರದ ಹೆಸರಿನಲ್ಲಿ ಆರಂಭವಾದ ಈ ಜಗಳವೇ ಮುಂದೆ ಮಂಗಳೂರಿನ ಕಡಲತೀರಕ್ಕೆ ಹಬ್ಬಿತು. ಅಲ್ಲಿ ಅದು ಒಬ್ಬ ಬಡ ಗುರುವಿನ ಎದುರಿಗೆ ಬಂದು ನಿಂತಿತು. ಆತನು ಅದನ್ನು ಎದುರಿಸಿದ ರೀತಿಯೇ ಈ ಲೇಖನದ ವಿಷಯ. ಆ ಗುರುವನ್ನು ಇಂದು ನಾವು ಸಂತ ಜೋಸೆಫ್ ವಾಜ್ ಎಂದು ಬಲಿಪೀಠದ ಮೇಲೆ ಗೌರವಿಸುತ್ತೇವೆ.

ಜೋಸೆಫ್ ವಾಜರು 1651ರ ಏಪ್ರಿಲ್ 21ರಂದು ಗೋವೆಯ ಸಾಲಸೆತ್ತೆ ಪ್ರಾಂತದ ಬೆನಾವ್ಲಿಯಲ್ಲಿ, ತಾಯಿಯ ತವರಿನಲ್ಲಿ, ಜನಿಸಿದರು. ತಂದೆ ಕ್ರಿಸ್ತೋವಾಂವ್ ವಾಜ್, ತಾಯಿ ಮರಿಯ ದೆ ಮಿರಾಂದ. ತಂದೆಯ ಊರು ಸಾಂಕ್ವಾಳ. ಆರು ಮಂದಿ ಮಕ್ಕಳಲ್ಲಿ ಇವರು ಮೂರನೆಯವರು. ಬೆನಾವ್ಲಿಯ ಸ್ನಾನಿಕ ಯೊವಾನ್ನರ ದೇವಾಲಯದಲ್ಲಿ ಶಿಶುವಿಗೆ ದೀಕ್ಷಾಸ್ನಾನವಾಯಿತು. ಮನೆಮಾತು ಕೊಂಕಣಿ; ಸಾಂಕ್ವಾಳದ ಶಾಲೆಯಲ್ಲಿ ಪೋರ್ಚುಗೀಸ್ ಭಾಷೆಯನ್ನೂ ಬೆನಾವ್ಲಿಯಲ್ಲಿ ಲ್ಯಾಟಿನ್ ಭಾಷೆಯನ್ನೂ ಕಲಿತರು. ಮುಂದೆ ಹಳೆಯ ಗೋವೆಯಲ್ಲಿ ಯೇಸು ಸಭೆಯವರ ಸಂತ ಪೌಲರ ಕಾಲೇಜಿನಲ್ಲಿಯೂ ದೊಮಿನಿಕನ್ನರ ಸಂತ ತೋಮಸ್ ಅಕ್ವಿನಾಸರ ವಿದ್ಯಾಪೀಠದಲ್ಲಿಯೂ ಅಭ್ಯಾಸ ಮಾಡಿ, 1676ರಲ್ಲಿ ಗುರುಪಟ್ಟವನ್ನು ಪಡೆದರು. ಗುರುಗಳಾದ ಕೂಡಲೇ ಅವರು ಕಾಲಿನ ಪಾದರಕ್ಷೆಗಳನ್ನು ಬಿಟ್ಟರಂತೆ. ಗೋವೆಯ ಬಡವರು ಬರಿಗಾಲಿನಲ್ಲಿ ನಡೆಯುತ್ತಿದ್ದರು. ತಾವೂ ಹಾಗೆಯೇ ನಡೆಯತೊಡಗಿದರು.

ಸಾಂಕ್ವಾಳದಲ್ಲಿ ಅವರು ಹುಡುಗರಿಗಾಗಿ ಲ್ಯಾಟಿನ್ ಶಾಲೆಯೊಂದನ್ನು ತೆರೆದರು. ಬೋಧಕರೆಂದೂ ಪಾಪನಿವೇದನೆ ಕೇಳುವ ಗುರುಗಳೆಂದೂ ಹೆಸರು ಪಡೆದರು. 1677ರ ಆಗಸ್ಟ್ 5ರಂದು ಅವರು ಮಾಡಿದ ಒಂದು ಕಾರ್ಯವನ್ನು ಇಲ್ಲಿ ಬರೆಯಲೇಬೇಕು. ಅಂದು ಅವರು ತಮ್ಮನ್ನು ಮಾತೆ ಮರಿಯಮ್ಮನವರಿಗೆ ದಾಸನನ್ನಾಗಿ ಒಪ್ಪಿಸಿಕೊಂಡು ಒಂದು ದಾಸ್ಯಪತ್ರವನ್ನು ಬರೆದುಕೊಟ್ಟರು. ಆ ಕಾಲದಲ್ಲಿ ಗೋವೆಯ ಪೇಟೆಯಲ್ಲಿ ಆಳುಗಳನ್ನು ದನಕರುಗಳಂತೆ ಮಾರುತ್ತಿದ್ದರು. ದಾಸ ಎಂಬ ಮಾತಿನ ಅರ್ಥ ಅಂದಿನವರಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ಓದುಬರಹ ಬಲ್ಲ ಕುಲೀನ ಮನೆತನದ ತರುಣನೊಬ್ಬನು ಸ್ವಂತ ಕೈಯಿಂದ ತನ್ನನ್ನು ಹಾಗೆ ಬರೆದುಕೊಂಡನೆಂದರೆ ಅದನ್ನು ಬರಿಯ ಭಕ್ತಿಯ ಅಲಂಕಾರವೆಂದು ತಳ್ಳಿಹಾಕಲಾಗದು. ಭಕ್ತಿಭಂಡಾರಿ ಬಸವಣ್ಣನವರ ಜನ್ಮಭೂಮಿಯೆಂದು ನಾಡೆಲ್ಲ ನಮಿಸುವ ಈ ಬಾಗೇವಾಡಿಯ ಜನರಿಗೆ, ದೊಡ್ಡವನು ತನ್ನನ್ನು ಎಲ್ಲರಿಗಿಂತ ಕಿರಿಯನೆಂದು ತಿಳಿಯುವ ದಾರಿ ಹೊಸದೇನೂ ಅಲ್ಲ.

ಆಗ ಗೋವೆಗೆ ಸಿಂಹಳ ದ್ವೀಪದಿಂದ ದುಃಖದ ಸುದ್ದಿಗಳು ಬರುತ್ತಿದ್ದವು. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಯಾಳ್ಪಾಣವನ್ನೂ ಪೋರ್ಚುಗೀಸರಿಂದ ಕಿತ್ತುಕೊಂಡು, ಕಥೋಲಿಕ ಗುರುಗಳನ್ನೆಲ್ಲ ಹೊರಗಟ್ಟಿದ್ದರು. ಬಲಿಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ, ಸಾಯುವವರಿಗೆ ಅಂತ್ಯಾಭ್ಯಂಗನವಿಲ್ಲದೆ ಅಲ್ಲಿಯ ಭಕ್ತರು ವರ್ಷಗಟ್ಟಲೆ ಬದುಕುತ್ತಿದ್ದರು. ಜೋಸೆಫ್ ವಾಜರ ಮನಸ್ಸು ಅಲ್ಲಿಗೆ ಓಡಿತು. ತಮ್ಮನ್ನು ಅಲ್ಲಿಗೆ ಕಳುಹಿಸಬೇಕೆಂದು ಅವರು ಗೋವೆಯ ಮೇಲಧಿಕಾರಿಗಳನ್ನು ಬೇಡಿದರು. ಮಹಾಧರ್ಮಾಧ್ಯಕ್ಷರು 1678ರಲ್ಲಿ ತೀರಿಕೊಂಡಿದ್ದರಿಂದ ಪ್ರಧಾನಾಲಯದ ಗುರುಮಂಡಲಿಯೇ ಅಧಿಕಾರ ನಡೆಸುತ್ತಿತ್ತು. ಮಂಡಲಿಯು ಬೇಡಿಕೆಯನ್ನು ಒಪ್ಪಲಿಲ್ಲ. ಲಂಕೆಗೆ ಬದಲಾಗಿ ಕೆನರಾ ಸೀಮೆಗೆ ಹೋಗೆಂದು 1681ರಲ್ಲಿ ಅಪ್ಪಣೆ ಮಾಡಿತು. ಅಲ್ಲಿಯ ಗುರುಗಳ ಮೇಲ್ವಿಚಾರಕರಾದ ವಿಕಾರ್ ಫೊರೇನ್ ಎಂಬ ಹುದ್ದೆಯನ್ನೂ ಕೊಟ್ಟಿತು.

ಮನಸ್ಸು ಒಂದೆಡೆ, ಅಪ್ಪಣೆ ಇನ್ನೊಂದೆಡೆ. ನಮ್ಮ ಧರ್ಮಕೇಂದ್ರಗಳಲ್ಲಿ ಒಬ್ಬ ಒಳ್ಳೆಯ ಗುರುವಿಗೆ ವರ್ಗವಾದರೆ ನಾವು ಎಷ್ಟು ಮನವಿಪತ್ರಗಳನ್ನು ಬರೆಯುತ್ತೇವೆ, ಎಷ್ಟು ಬಾರಿ ಧರ್ಮಾಧ್ಯಕ್ಷರ ಬಾಗಿಲಿಗೆ ಹೋಗುತ್ತೇವೆ ಎಂಬುದನ್ನು ನೆನೆದರೆ ಈ ತರುಣ ಗುರುವಿನ ನಡತೆ ನಮ್ಮನ್ನು ಸ್ವಲ್ಪ ನಾಚಿಸುತ್ತದೆ. ಅವರು ಗಂಟುಮೂಟೆ ಕಟ್ಟಿಕೊಂಡು ಕೆನರಾಕ್ಕೆ ಹೊರಟರು. ಲಂಕೆಯ ಆಸೆಯನ್ನು ಬಿಡಲಿಲ್ಲ. ಅದನ್ನು ದೇವರ ಕೈಯಲ್ಲಿಟ್ಟು ಕಾದರು.

ಕೆನರಾದ ಸ್ಥಿತಿಯಾದರೂ ಹೇಗಿತ್ತು? ಆ ಸೀಮೆ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಗೋವೆಯಿಂದ ವಲಸೆ ಬಂದ ಕೊಂಕಣಿ ಕ್ರೈಸ್ತರು ಕಾರವಾರದ ಕಡೆಯಿಂದ ಮಂಗಳೂರಿನವರೆಗೆ ಚೆದುರಿ ಬಾಳುತ್ತಿದ್ದರು. ಭೂಮಿ ಫಲವತ್ತಾದುದು, ಗುರುಗಳು ಮಾತ್ರ ವಿರಳ. ಇದರ ಮೇಲೆ ಮೊದಲು ಹೇಳಿದ ಆ ಜಗಳ. ಬಿಷಪ್ ಮತೇವುಸರ ಸೋದರಳಿಯರಾದ, ತಿಯಾತಿನ್ ಸಭೆಯ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರನ್ನು ರೋಮಿನ ಪ್ರೊಪಗಾಂದವು ಈ ಕಡೆಯ ವಿಕಾರ್ ಅಪೋಸ್ತೋಲಿಕರನ್ನಾಗಿ ಕಳುಹಿಸಿತ್ತು. ಅವರು 1677ರಿಂದ ಮಂಗಳೂರಿನಲ್ಲಿ ನೆಲೆಸಿದ್ದರು. ಗೋವೆಯವರು ಅವರ ಅಧಿಕಾರವನ್ನು ಮನ್ನಿಸಲಿಲ್ಲ. ಭಕ್ತರಲ್ಲಿ ಎರಡು ಪಂಗಡಗಳಾದವು. ಒಂದು ಪಂಗಡದವರು ಇನ್ನೊಂದು ಪಂಗಡದ ಗುರುಗಳು ನೀಡುವ ಸಂಸ್ಕಾರಗಳನ್ನು ಸಂಶಯದಿಂದ ನೋಡುವ ಕಾಲ ಬಂದಿತು. ಯಾರ ಬಳಿ ಮದುವೆ ಮಾಡಿಸಿದರೆ ಅದು ಮದುವೆ, ಯಾರ ಬಳಿ ಪಾಪ ಹೇಳಿಕೊಂಡರೆ ಅದು ಪಾಪಕ್ಷಮೆ ಎಂದು ತಿಳಿಯದೆ ಸಾಮಾನ್ಯ ಜನರು ಕಂಗೆಟ್ಟರು. ಹಳ್ಳಿಯ ಮುದುಕಿಯೊಬ್ಬಳಿಗೆ ಪದ್ರುವಾದೊ ಯಾವುದು, ಪ್ರೊಪಗಾಂದ ಯಾವುದು? ಸಾಯುವ ಹೊತ್ತಿನಲ್ಲಿ ಆಕೆಗೆ ಬೇಕಾದುದು ಒಬ್ಬ ಗುರು.

ಗೋವೆಯ ಮಂಡಲಿಯು ಜೋಸೆಫ್ ವಾಜರನ್ನು ಕಳುಹಿಸಿದ್ದು ಪದ್ರುವಾದೊ ಹಕ್ಕನ್ನು ಕಾಯುವುದಕ್ಕೆ. ಹೇಳುವುದಾದರೆ, ಬಿಷಪ್ ತೋಮಸರನ್ನು ಎದುರಿಸುವುದಕ್ಕೆಂದೇ ಅವರನ್ನು ಕಳುಹಿಸಿತ್ತು. ಅಪ್ಪಣೆ ಕೊಟ್ಟವರನ್ನು ಮೆಚ್ಚಿಸಬೇಕೆಂಬ ಗುರುವಾಗಿದ್ದರೆ ಮಂಗಳೂರಿಗೆ ಬಂದ ಮರುದಿನವೇ ತನ್ನ ಪಂಗಡದವರನ್ನು ಕೂಡಿಸಿ ಜಗಳವನ್ನು ಹೊತ್ತಿಸುತ್ತಿದ್ದನು. ಜೋಸೆಫ್ ವಾಜರು ಹಾಗೆ ಮಾಡಲಿಲ್ಲ. ಅವರು ನೇರವಾಗಿ ಬಿಷಪರ ಬಳಿಗೇ ಹೋದರು. ಬಿಷಪರಿಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸಿ, ಪೋಪರು ಕೊಟ್ಟ ನೇಮಕ ಪತ್ರಗಳನ್ನು ತಮಗೆ ತೋರಿಸಬೇಕೆಂದು ವಿನಯದಿಂದ ಕೇಳಿಕೊಂಡರು.

ಇಲ್ಲಿ ವಾಚಕರು ಸ್ವಲ್ಪ ನಿಲ್ಲಬೇಕು. ವಿಧೇಯತೆಯೆಂದರೆ ಕಣ್ಣು ಮುಚ್ಚಿಕೊಂಡು ಯಾರ ಮಾತನ್ನಾದರೂ ಒಪ್ಪುವುದೆಂದು ಕೆಲವರು ಭಾವಿಸುತ್ತಾರೆ. ಜೋಸೆಫ್ ವಾಜರ ವಿಧೇಯತೆ ಅಂತಹದಲ್ಲ. ಅಧಿಕಾರವು ದೇವರಿಂದ ಬಂದುದಾದರೆ ಅದಕ್ಕೊಂದು ದಾರಿಯಿರುತ್ತದೆ. ಪೇತ್ರರ ಪೀಠದಿಂದ ಈ ಬಿಷಪರವರೆಗೆ ಆ ದಾರಿ ಬಂದಿದೆಯೋ ಇಲ್ಲವೋ ಎಂಬುದನ್ನು ಅವರು ತಿಳಿಯಬಯಸಿದರು. ಬಿಷಪ್ ತೋಮಸರು ಪತ್ರಗಳನ್ನು ತೋರಿಸಿದರು. ಅವು ಸರಿಯಾದ ಪತ್ರಗಳೆಂದು ಜೋಸೆಫ್ ವಾಜರಿಗೆ ಮನವರಿಕೆಯಾಯಿತು. ಆಗ ಅವರ ಮುಂದೆ ಕಠಿಣವಾದ ಪ್ರಶ್ನೆಯೊಂದು ನಿಂತಿತು: ತಮ್ಮನ್ನು ಕಳುಹಿಸಿದವರು ಗೋವೆಯವರು, ಪೋಪರ ಮುದ್ರೆಯಿರುವುದೋ ಎದುರಿಗಿರುವ ಬಿಷಪರ ಕೈಯಲ್ಲಿ.

ಅವರು ಬಿಷಪರ ಅಧಿಕಾರವನ್ನು ಒಪ್ಪಿಕೊಂಡರು. ಹಾಗೆಂದು ಗೋವೆಯವರಿಗೆ ಬೆನ್ನು ತೋರಿಸಲಿಲ್ಲ. ಜಗಳದ ತೀರ್ಪು ರೋಮಿನಿಂದ ಬರುವವರೆಗೆ ಎರಡೂ ಕಡೆಯವರು ಭಕ್ತರ ಹಿತಕ್ಕಾಗಿ ಸಮಾಧಾನದಿಂದಿರಬೇಕೆಂದು ಬೇಡಿದರು. ಭಕ್ತರ ಸಂಶಯ ನೀಗುವಂತೆ, ತಾವು ಸಂಸ್ಕಾರಗಳನ್ನು ನೀಡಲು ಬೇಕಾದ ಅಧಿಕಾರವನ್ನು ಬಿಷಪರಿಂದಲೂ ಪಡೆದುಕೊಂಡರು. ಹೀಗೆ ಒಬ್ಬ ಗುರುವಿನಲ್ಲಿ ಎರಡು ಕಡೆಯ ಅನುಮತಿಯೂ ಕೂಡಿದ್ದರಿಂದ, ಅವರ ಕೈಯಿಂದ ಸಂಸ್ಕಾರ ಪಡೆದವರಿಗೆ ಯಾವ ಅಂಜಿಕೆಯೂ ಉಳಿಯಲಿಲ್ಲ. ಇದು ಜಾಣತನವಲ್ಲವೇ ಎಂದು ಯಾರಾದರೂ ಕೇಳಬಹುದು. ಜಾಣತನ ಹೌದು. ಆದರೆ ತನ್ನ ಗೌರವವನ್ನು ಮೊದಲು ಕೆಳಗಿಟ್ಟವನಿಗೆ ಮಾತ್ರ ಸಾಧ್ಯವಾಗುವ ಜಾಣತನ. ಗೋವೆಯ ವಿಕಾರ್ ಫೊರೇನ್ ಎಂಬ ಪದವಿಯನ್ನು ಹೊತ್ತು ಬಂದವರು, ತಮ್ಮ ಮೇಲಧಿಕಾರಿಗಳು ಒಪ್ಪದ ಬಿಷಪರ ಮುಂದೆ ಕೈಚಾಚುವುದೆಂದರೆ ಗೋವೆಯಲ್ಲಿ ಏನೇನು ಮಾತು ಹುಟ್ಟೀತೆಂದು ಅವರಿಗೆ ತಿಳಿಯದಿರಲಿಲ್ಲ.

ಆ ಜಗಳವನ್ನು ಅವರು ಮುಗಿಸಿದರೆಂದು ಬರೆದರೆ ಅದು ಸುಳ್ಳಾದೀತು. ಬಿಷಪ್ ತೋಮಸರು 1684ರಲ್ಲಿ ಮಂಗಳೂರಿನಲ್ಲಿ ನಿಧನರಾದರು. ಜಗಳ ಮಾತ್ರ ಅವರೊಡನೆ ಸಾಯಲಿಲ್ಲ. ಭಾರತದ ಧರ್ಮಸಭೆಯಲ್ಲಿ ಅದು ಇನ್ನೂ ಇನ್ನೂರು ವರ್ಷ ಹೊಗೆಯಾಡಿ, 1886ರಲ್ಲಿ ರೋಮಿಗೂ ಪೋರ್ಚುಗಲ್ಲಿಗೂ ಒಪ್ಪಂದವಾದ ಮೇಲೆ ಬಹುಮಟ್ಟಿಗೆ ಶಾಂತವಾಯಿತು. ಎಷ್ಟು ತಲೆಮಾರುಗಳ ಭಕ್ತರು ಅದರಲ್ಲಿ ಬೆಂದರೋ ದೇವರೇ ಬಲ್ಲನು.

ಕೆನರಾದಲ್ಲಿ ಕಳೆದ ಮೂರು ವರ್ಷಗಳಲ್ಲಿ ಜೋಸೆಫ್ ವಾಜರು ಒಂದೆಡೆ ಕುಳಿತವರಲ್ಲ. ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿ ಮುಂತಾದ ಊರುಗಳಲ್ಲಿ ಬರಿಗಾಲಿನಲ್ಲಿ ಸಂಚರಿಸಿದರು. ಹಾಳಾಗಿದ್ದ ದೇವಾಲಯಗಳನ್ನು ಎತ್ತಿ ನಿಲ್ಲಿಸಿದರು, ಶಾಲೆಗಳನ್ನು ತೆರೆದರು, ಭಕ್ತರ ಸಂಘಗಳನ್ನು ಸ್ಥಾಪಿಸಿದರು. ಆಳುಗಳಾಗಿ ಮಾರಾಟವಾದವರನ್ನು ಹಣಕೊಟ್ಟು ಬಿಡಿಸಿದರೆಂದೂ ಅವರ ಚರಿತ್ರಕಾರರು ಬರೆದಿದ್ದಾರೆ. ಮಂಗಳೂರಿಗೆ ಸಮೀಪದ ಮುಡಿಪು ಬೆಟ್ಟದಲ್ಲಿ ಅವರನ್ನು ಕುರಿತ ಕಥೆಯೊಂದು ಇಂದಿಗೂ ಜನರ ಬಾಯಲ್ಲಿದೆ. ರೋಗಿಯನ್ನು ನೋಡಬೇಕೆಂದು ಸುಳ್ಳು ಹೇಳಿ, ಕೇಡು ಬಯಸಿದವರು ಅವರನ್ನು ಬೆಟ್ಟಕ್ಕೆ ಕರೆದೊಯ್ದರಂತೆ. ಅವರು ಮೊಣಕಾಲೂರಿ ಪ್ರಾರ್ಥಿಸಿದ ಕಡೆಯಲ್ಲಿ ಬಂಡೆಯಿಂದ ನೀರು ಚಿಮ್ಮಿತಂತೆ. ಇದು ಭಕ್ತರ ನಂಬಿಕೆ. ಆ ನೀರಿಗಾಗಿಯೂ ಪ್ರಾರ್ಥನೆಗಾಗಿಯೂ ಎಲ್ಲ ಮತದ ಜನರೂ ಆ ಬೆಟ್ಟವನ್ನು ಹತ್ತುತ್ತಾರೆ.

1684ರಲ್ಲಿ ಅವರು ಗೋವೆಗೆ ಹಿಂದಿರುಗಿದರು. ಅಲ್ಲಿ ಪವಾಡ ಶಿಲುಬೆಯ ದೇವಾಲಯದ ಬಳಿ ಕೆಲವು ಗೋವೆಯ ಗುರುಗಳು ಒಂದಾಗಿ ಬಾಳಲು ತೊಡಗಿದ್ದರು. ಯೂರೋಪಿನ ಸನ್ಯಾಸ ಸಭೆಗಳು ಈ ದೇಶದವರನ್ನು ತಮ್ಮೊಳಗೆ ಸೇರಿಸಿಕೊಳ್ಳುತ್ತಿರಲಿಲ್ಲವಾದ್ದರಿಂದ, ಸಂಘಜೀವನವನ್ನು ಬಯಸಿದ ಗೋವೆಯ ಗುರುಗಳಿಗೆ ಬೇರೆ ದಾರಿ ಇರಲಿಲ್ಲ. ಮತೇವುಸ್ ದೆ ಕಾಸ್ತ್ರೊ ಅವರನ್ನು ಕೆರಳಿಸಿದ ಅವಮಾನ ಇದೇ. ಜೋಸೆಫ್ ವಾಜರೂ ಅದೇ ಮಣ್ಣಿನ ಮಗನಾಗಿ ಅದೇ ಅವಮಾನವನ್ನು ಕಂಡವರು. ಅವರು ದೂರಿನ ಪತ್ರಗಳನ್ನು ಬರೆಯುವುದರ ಬದಲು ಆ ಗುರುಗಳ ಜೊತೆ ಸೇರಿದರು. 1685ರಲ್ಲಿ ಸಂತ ಫಿಲಿಪ್ ನೇರಿಯವರ ನಿಯಮಗಳಿಗೆ ಅನುಸಾರವಾಗಿ ಅದು ಒರೆತೋರಿಯೊ ಎಂಬ ಹೆಸರಿನ ಗುರುಸಂಘವಾಯಿತು. ಎಲ್ಲರೂ ಕೂಡಿ ಜೋಸೆಫ್ ವಾಜರನ್ನೇ ಹಿರಿಯರನ್ನಾಗಿ ಆರಿಸಿದರು. ಭಾರತೀಯರೇ ಆದ ಗುರುಗಳ ಈ ಸಂಘವು ಮುಂದಿನ ನೂರೈವತ್ತು ವರ್ಷ ಒಂದು ದೇಶದ ಧರ್ಮಸಭೆಯನ್ನೇ ಹೊತ್ತು ಸಲಹಿತು. ಅವಮಾನಕ್ಕೆ ಕೊಡಬಹುದಾದ ಉತ್ತರಗಳಲ್ಲಿ ಇದಕ್ಕಿಂತ ಮೇಲಾದುದು ಈ ಲೇಖಕನಿಗೆ ತಿಳಿಯದು.

ಹಿರಿಯನ ಪೀಠ ಅವರನ್ನು ಹಿಡಿದಿಡಲಿಲ್ಲ. ಒಂದು ವರ್ಷದೊಳಗಾಗಿ ಆ ಪದವಿಯಿಂದ ಬಿಡುಗಡೆ ಬೇಡಿ, ಕಡೆಗೂ ಲಂಕೆಗೆ ಹೋಗುವ ಅನುಮತಿಯನ್ನು ಪಡೆದರು. 1686ರಲ್ಲಿ ಅವರು ಗೋವೆಯನ್ನು ಬಿಟ್ಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಔರಂಗಜೇಬನು ಬಿಜಾಪುರದ ಕೋಟೆಯನ್ನು ಹಿಡಿದು ಆದಿಲಶಾಹಿಯನ್ನು ಕೊನೆಗಾಣಿಸಿದನು. ಈ ಸೀಮೆಯ ರೈತರು ದಂಡಿನ ಹೊಡೆತಕ್ಕೆ ಸಿಕ್ಕಿ ನರಳುತ್ತಿದ್ದ ಆ ದಿನಗಳಲ್ಲಿ, ದೂರದ ಕರಾವಳಿಯ ದಾರಿಯಲ್ಲಿ ಈ ಬರಿಗಾಲಿನ ಗುರು ದಕ್ಷಿಣದ ಕಡೆಗೆ ನಡೆಯುತ್ತಿದ್ದರು. ಜೊತೆಗೆ ಜುವಾಂವ್ ಎಂಬ ನಂಬಿಕೆಯ ಸೇವಕನಿದ್ದನು. ಕೆನರಾ, ತಲಚೇರಿ, ಕೊಲ್ಲಂಗಳನ್ನು ದಾಟಿ ತೂತುಕುಡಿಯನ್ನು ತಲುಪಿ, ಕೂಲಿಯಾಳಿನ ವೇಷದಲ್ಲಿ ಹಡಗು ಹತ್ತಿ, 1687ರಲ್ಲಿ ಯಾಳ್ಪಾಣದಲ್ಲಿ ಇಳಿದರು.

ಇಳಿದ ಕೂಡಲೇ ಅವರನ್ನು ಕಾದಿದ್ದುದು ರಕ್ತಭೇದಿ. ಅಪರಿಚಿತ ಭಿಕ್ಷುಕನ ರೋಗ ಊರಿಗೆ ಹರಡೀತೆಂಬ ಭಯದಿಂದ ಜನರು ಅವರನ್ನು ಕಾಡಿನ ಕಡೆಗೆ ಹೊರಹಾಕಿದರು. ಕರುಣೆಯುಳ್ಳ ಹೆಂಗಸೊಬ್ಬಳು ತಂದುಕೊಟ್ಟ ಗಂಜಿಯಿಂದ ಗುರುವೂ ಸೇವಕನೂ ಜೀವ ಉಳಿಸಿಕೊಂಡರು. ಗುಣವಾದ ಮೇಲೆ ಅವರು ಕೊರಳಿಗೆ ಜಪಸರವನ್ನು ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ಜಪಸರವನ್ನು ಕಂಡು ಯಾರ ಕಣ್ಣು ಅರಳುವುದೋ ಅವರು ಕಥೋಲಿಕರೆಂದು ತಿಳಿಯುವ ಉಪಾಯವದು. ಸುಮಾರು ಮೂವತ್ತು ವರ್ಷಗಳ ಬಳಿಕ ಆ ಭಕ್ತರ ನಡುವೆ ಒಬ್ಬ ಗುರು ಕಾಣಿಸಿದ್ದರು. ರಾತ್ರಿಯ ಹೊತ್ತಿನಲ್ಲಿ, ಬಾಗಿಲು ಮುಚ್ಚಿದ ಮನೆಗಳಲ್ಲಿ, ಅವರು ಬಲಿಪೂಜೆಯನ್ನು ಅರ್ಪಿಸಿದರು. ಡಚ್ಚರ ಬೇಹುಗಾರರಿಂದ ತಪ್ಪಿಸಿಕೊಳ್ಳುತ್ತ ಊರಿಂದ ಊರಿಗೆ ಅಲೆದರು. ತಮಿಳನ್ನು ಕಲಿತರು, ಮುಂದೆ ಸಿಂಹಳ ಭಾಷೆಯನ್ನೂ ಕಲಿತರು.

1692ರಲ್ಲಿ ಅವರು ಬೌದ್ಧ ಅರಸನಾದ ಎರಡನೆಯ ವಿಮಲಧರ್ಮಸೂರ್ಯನ ರಾಜಧಾನಿಯಾದ ಕ್ಯಾಂಡಿಗೆ ಹೋದರು. ಅರಮನೆಯಲ್ಲಿ ಆಶ್ರಯ ಪಡೆದಿದ್ದ ಫ್ರೆಂಚ್ ಪ್ರೊಟೆಸ್ಟಂಟನೊಬ್ಬನು, ಈತ ಪೋರ್ಚುಗೀಸರ ಗೂಢಚಾರನೆಂದು ಅರಸನ ಕಿವಿಗೆ ಹಾಕಿದನು. ಗುರುವನ್ನೂ ಜುವಾಂವ್‌ನನ್ನೂ ಸೆರೆಯಲ್ಲಿಟ್ಟರು. ಸೆರೆಯಲ್ಲಿಯೂ ಅವರು ಸುಮ್ಮನೆ ಕೂಡಲಿಲ್ಲ. ಕಾವಲು ಸಡಿಲವಾದಾಗ ಅಲ್ಲಿಯೇ ಒಂದು ಪುಟ್ಟ ಪ್ರಾರ್ಥನಾಮಂದಿರವನ್ನು ಕಟ್ಟಿಕೊಂಡರು. ಒಮ್ಮೆ ಮಳೆಯಿಲ್ಲದೆ ನಾಡು ಬೆಂದಾಗ ಅರಸನು ಇವರನ್ನೂ ಪ್ರಾರ್ಥಿಸುವಂತೆ ಕೇಳಿದನೆಂದೂ, ಬಯಲಿನಲ್ಲಿ ಪೀಠವನ್ನೂ ಶಿಲುಬೆಯನ್ನೂ ಇಟ್ಟು ಪ್ರಾರ್ಥಿಸಿದಾಗ ಮಳೆ ಸುರಿಯಿತೆಂದೂ ಪರಂಪರೆ ಹೇಳುತ್ತದೆ. ಭೀಮೆ, ಡೋಣಿಗಳ ಬಯಲಿನಲ್ಲಿ ಮುಗಿಲನ್ನು ನೋಡುತ್ತ ಕುಳಿತು ಬಲ್ಲ ನಮ್ಮ ರೈತರಿಗೆ ಆ ಪ್ರಾರ್ಥನೆಯ ತೂಕವನ್ನು ವಿವರಿಸಬೇಕಾಗಿಲ್ಲ. ಆ ಮೇಲೆ ಅವರಿಗೆ ರಾಜ್ಯದಲ್ಲಿ ಸಂಚರಿಸುವ ಸ್ವಾತಂತ್ರ್ಯ ದೊರೆಯಿತು. ಬೌದ್ಧ ಅರಸನ ಆ ಔದಾರ್ಯವನ್ನು ನಾವು ಮರೆಯಬಾರದು; ಕ್ರೈಸ್ತರೇ ಆದ ಡಚ್ಚರು ಅಟ್ಟಾಡಿಸಿದ ಗುರುವಿಗೆ ನೆಲೆ ಕೊಟ್ಟವನು ಆತನು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಅರಸನೂ ಉಳ್ಳವರೂ ಊರನ್ನು ಬಿಟ್ಟು ಹೋದರು. ತಂದೆತಾಯಿಗಳನ್ನು ಮಕ್ಕಳು, ಮಕ್ಕಳನ್ನು ತಂದೆತಾಯಿಗಳು ಬಿಟ್ಟು ಓಡಿದರು. ನಮ್ಮ ಹಿರಿಯರು ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಕಥೆಗಳನ್ನು ಕೇಳಿದವರಿಗೆ ಆ ದೃಶ್ಯ ಕಣ್ಣಿಗೆ ಕಟ್ಟೀತು. ಜೋಸೆಫ್ ವಾಜರೂ, ಗೋವೆಯಿಂದ ಆಗತಾನೆ ನೆರವಿಗೆ ಬಂದಿದ್ದ ಗುರು ಜೋಸೆಫ್ ಕಾರ್ವಾಲ್ಯೊ ಅವರೂ ಊರಲ್ಲಿಯೇ ಉಳಿದರು. ಬರಿದಾದ ಮನೆಗಳನ್ನು ಆಸ್ಪತ್ರೆಗಳನ್ನಾಗಿ ಮಾಡಿಕೊಂಡು, ಕ್ರೈಸ್ತರು ಬೌದ್ಧರೆಂಬ ಭೇದವಿಲ್ಲದೆ ರೋಗಿಗಳಿಗೆ ಗಂಜಿ ಕುಡಿಸಿದರು, ಹುಣ್ಣುಗಳನ್ನು ತೊಳೆದರು, ಸತ್ತವರನ್ನು ಹೂಳಿದರು. ಇದು ಒಂದು ದಿನದ ಎರಡು ದಿನದ ಕೆಲಸವಾಗಿರಲಿಲ್ಲ. ವಾಸನೆಗೆ ಯಾರೂ ಸುಳಿಯದ ಮನೆಗಳೊಳಗೆ ಇವರು ತಿಂಗಳುಗಟ್ಟಲೆ ಹೋಗಿಬಂದರು. ಸೇವೆಯಲ್ಲಿ ದೀನತೆಯೆಂಬುದನ್ನು ನಾವು ಉಪದೇಶಗಳಲ್ಲಿ ಎಷ್ಟೋ ಸಲ ಕೇಳುತ್ತೇವೆ. ಅದು ಬಟ್ಟಲಿನಲ್ಲಿ ಗಂಜಿಯಾಗಿ, ಕೈಯಲ್ಲಿ ಗುದ್ದಲಿಯಾಗಿ ಕಾಣುವುದು ಇಂತಹ ಕಡೆಯಲ್ಲಿ.

ಅಷ್ಟರಲ್ಲಿ ಪದವಿಗಳು ಅವರನ್ನು ಹುಡುಕಿಕೊಂಡು ಬಂದವು. ಲಂಕೆಯು ಕೊಚ್ಚಿಯ ಧರ್ಮಪ್ರಾಂತಕ್ಕೆ ಸೇರಿದ್ದಿತು. ಕೊಚ್ಚಿಯ ಬಿಷಪರು ಅವರನ್ನು ಲಂಕೆಯಲ್ಲಿ ತಮ್ಮ ವಿಕಾರ್ ಜನರಲ್ ಆಗಿ ನೇಮಿಸಿದರು. ಇದು ಅಪ್ಪಣೆ, ಆದುದರಿಂದ ಹೊತ್ತುಕೊಂಡರು. ಪೋಪರ ಪ್ರತಿನಿಧಿಯಾಗಿ ಪೌರ್ವಾತ್ಯ ದೇಶಗಳಿಗೆ ಬಂದಿದ್ದ ಶಾರ್ಲ್ ತೋಮಸ್ ದೆ ತೂರ್ನೋ ಅವರು 1705ರ ಸುಮಾರಿಗೆ ಅವರನ್ನು ಬಿಷಪರನ್ನಾಗಿ ಮಾಡಲು ಬಯಸಿದಾಗ ಮಾತ್ರ, ತಾವು ಸಾಮಾನ್ಯ ಸೇವಕನಾಗಿಯೇ ಇರಲು ಬಿಡಬೇಕೆಂದು ಬೇಡಿ ಅದನ್ನು ತಪ್ಪಿಸಿಕೊಂಡರು. ಅಪ್ಪಣೆಗೆ ತಲೆಬಾಗುವವರು ಇದಕ್ಕೇಕೆ ಒಪ್ಪಲಿಲ್ಲವೆಂಬ ಸಂದೇಹ ವಾಚಕರಿಗೆ ಬರಬಹುದು. ಅದಿನ್ನೂ ಅಪ್ಪಣೆಯಾಗಿರಲಿಲ್ಲ, ಆಲೋಚನೆಯ ಮಟ್ಟದಲ್ಲಿತ್ತು. ಮೇಲಾಗಿ ಬಿಷಪ್ ಪಟ್ಟವೆಂಬುದು ಎಷ್ಟು ಮಂದಿಯನ್ನು ಎಷ್ಟು ವರ್ಷ ಕಚ್ಚಾಡಿಸಬಲ್ಲುದೆಂದು ಮಂಗಳೂರಿನಲ್ಲಿ ಕಣ್ಣಾರೆ ಕಂಡವರು ಅವರು. ಪೋಪರ ಪ್ರತಿನಿಧಿಯು ಪಟ್ಟ ಕೊಟ್ಟಿದ್ದರೆ ಪದ್ರುವಾದೊದ ಕೊಚ್ಚಿಗೂ ರೋಮಿಗೂ ಲಂಕೆಯ ಬಡ ಭಕ್ತರ ನಡುವೆ ಇನ್ನೊಂದು ಜಗಳ ಹೊತ್ತಿಕೊಳ್ಳುತ್ತಿರಲಿಲ್ಲವೆಂದು ಯಾರು ಹೇಳಬಲ್ಲರು? ಅವರು ಹಾಗೆ ಎಣಿಸಿದ್ದರೋ ಏನೋ, ಅದು ನಮ್ಮ ಊಹೆ ಮಾತ್ರ.

ಅದೇ 1705ರಲ್ಲಿ ಗೋವೆಯಿಂದ ಬಂದ ಗುರು ಜಾಕೊಮೆ ಗೊನ್ಸಾಲ್ವಿಸರು ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಅನೇಕ ಭಕ್ತಿಗ್ರಂಥಗಳನ್ನು ರಚಿಸಿ, ಲಂಕೆಯ ಕ್ರೈಸ್ತ ಸಾಹಿತ್ಯಕ್ಕೆ ತಂದೆಯೆನಿಸಿದರು. ತಮಗಿಂತ ಪಂಡಿತರಾದ ಕಿರಿಯರಿಗೆ ದಾರಿ ಬಿಟ್ಟು, ತಾವು ಕಾಡುದಾರಿಗಳಲ್ಲಿ ನಡೆದು ಹಳ್ಳಿಗಳನ್ನು ನೋಡಿಕೊಳ್ಳುವುದರಲ್ಲಿ ಹಿರಿಯ ಗುರುವಿಗೆ ತೃಪ್ತಿಯಿತ್ತು.

ನಡೆದು ನಡೆದು ದೇಹ ಬಳಲಿತು. 1711ರ ಜನವರಿ 16ರಂದು, ಅರವತ್ತು ತುಂಬುವ ಮೊದಲೇ, ಜೋಸೆಫ್ ವಾಜರು ಕ್ಯಾಂಡಿಯಲ್ಲಿ ಕಣ್ಣುಮುಚ್ಚಿದರು. ಲಂಕೆಗೆ ಬಂದ ಬಳಿಕ ಇಪ್ಪತ್ತನಾಲ್ಕು ವರ್ಷಗಳಲ್ಲಿ ಅವರು ಒಂದು ಬಾರಿಯೂ ಗೋವೆಯ ಮನೆಗೆ ಹಿಂದಿರುಗಿರಲಿಲ್ಲ. 1745ರಲ್ಲಿ ಒರೆತೋರಿಯೊದ ಗುರು ಸೆಬಾಸ್ತಿಯಾಂವ್ ದೊ ರೇಗೊ ಅವರು ಪೋರ್ಚುಗೀಸ್ ಭಾಷೆಯಲ್ಲಿ ಅವರ ಚರಿತ್ರೆಯನ್ನು ಪ್ರಕಟಿಸಿದರು. ಆದರೆ ಧರ್ಮಸಭೆಯು ಅವರನ್ನು ಬಲಿಪೀಠಕ್ಕೇರಿಸಲು ಬಹಳ ಕಾಲ ಹಿಡಿಯಿತು. 1995ರ ಜನವರಿ 21ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಅದೇ ಕೊಲಂಬೊದ ಕಡಲತಡಿಯ ಬಯಲಿನಲ್ಲಿ, ಎರಡನೆಯ ಅದ್ಭುತಕಾರ್ಯದ ಪ್ರಮಾಣವನ್ನು ಕೇಳದೆಯೇ, ಅವರನ್ನು ಸಂತರೆಂದು ಸ್ಮರಿಸಲು ಅಪ್ಪಣೆಯಿತ್ತರು. ಜನವರಿ 16 ಅವರ ಹಬ್ಬದ ದಿನ.

ಕ್ಯಾಂಡಿಯಲ್ಲಿ ಅವರನ್ನು ಸಮಾಧಿ ಮಾಡಿದ ದೇವಾಲಯವು ಹದಿನೆಂಟನೆಯ ಶತಮಾನದ ಗೊಂದಲಗಳಲ್ಲಿ ಅಳಿದುಹೋಯಿತು. ಭಕ್ತರು ಹೂವಿಡಲು ಸಮಾಧಿಯೊಂದು ಉಳಿಯಲಿಲ್ಲ. ಮುಡಿಪುವಿನಲ್ಲಿ ಬೆಟ್ಟವನ್ನು ಹತ್ತುವವರು ನೀರಿನ ಬಳಿಯಲ್ಲಿ ಮೇಣದ ಬತ್ತಿಗಳನ್ನು ಹಚ್ಚುತ್ತಾರೆ.